ನೆಲಮಾಳಿಗೆಯ ತಾಮ್ರದ ಪೈಪಿಗೆ ಕಿಲುಬು: ತಿಕ್ಕಬಹುದೇ?

ಪ್ರಶ್ನೆ (ಮಾಳಮಡ್ಡಿ, ಧಾರವಾಡ)
ಅಜ್ಜ ಕಟ್ಟಿಸಿದ ಮನೆ. ನೆಲಮಾಳಿಗೆಯಲ್ಲಿ ಜೋಳದ ಚೀಲಗಳ ಹಿಂದಿನ ತಾಮ್ರದ ಪೈಪುಗಳಿಗೆ ಈ ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿದಿದೆ. ಉದ್ದಕ್ಕೂ ತೆಳ್ಳಗಿದೆ, ಬೆಸುಗೆ ಹಾಕಿದ ಒಂದು ತಿರುವಿನಲ್ಲಿ ಮಾತ್ರ ಗಾಯದ ಹಕ್ಕಳೆಯಂತೆ ದಪ್ಪಗಿದೆ. ಹಂಡೆ ತಿಕ್ಕಿದ ಹಾಗೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕು ಎನ್ನುತ್ತಾಳೆ ಅವ್ವ. ಅಡುಗೆಗೂ ಇದೇ ನೀರು. ಮನೆಯಲ್ಲಿ ಎರಡು ವರ್ಷದ ಮಗುವಿದೆ, ನನಗೆ ನಿದ್ದೆ ಬರುತ್ತಿಲ್ಲ.

ಉತ್ತರ (ಗೋಕುಲ ರಸ್ತೆ, ಹುಬ್ಬಳ್ಳಿ)
ತೆಳ್ಳಗಿನ ಹಸಿರಿಗೆ ಹೆದರಬೇಡಿ. ತೇವ ಮತ್ತು ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ತಾಮ್ರದ ಮೇಲೆ ಕಟ್ಟುವ ಪದರ ಅದು. ಪೈಪಿನ ಹೊರಮೈಯಲ್ಲಿ ಇರುವುದು ಒಳಗಿನ ನೀರಿಗೆ ಇಳಿಯುವುದಿಲ್ಲ. ಕಿಟಕಿ ತೆರೆದು ಗಾಳಿಯಾಡಿಸಿ.

ಉತ್ತರ (ಬೆಟಗೇರಿ, ಗದಗ)
ತಮ್ಮಾ, ಆ ದಪ್ಪ ಹಕ್ಕಳೆಯನ್ನು ದಯವಿಟ್ಟು ಮುಟ್ಟಬೇಡ. ನಾನು ಮೂವತ್ತು ವರ್ಷ ನಳದ ಕೆಲಸ ಮಾಡಿದವನು. ಸೂಜಿಮೊನೆಯಷ್ಟು ತೂತಿನಿಂದ ನೀರು ಜಿನುಗಿ, ಆರಿ, ಮತ್ತೆ ಜಿನುಗಿ ಕಿಲುಬು ಗಡ್ಡೆಕಟ್ಟುತ್ತದೆ. ಎಷ್ಟೋ ಸಲ ತೂತನ್ನು ಮುಚ್ಚಿಟ್ಟಿರುವುದೇ ಆ ಗಡ್ಡೆ. ಒಮ್ಮೆ ಒಬ್ಬರ ಮನೆಯಲ್ಲಿ ಬ್ರಷ್ಷಿನಿಂದ ಎರಡೇ ಸಲ ಉಜ್ಜಿದೆ, ನೀರು ಎದೆಗೆ ಚಿಮ್ಮಿತು. ಮನೆಯವರು ಹೊದಿಕೆಗಳನ್ನೆಲ್ಲ ತಂದು ಒತ್ತಿ ಹಿಡಿಯಬೇಕಾಯಿತು.

ಮೊದಲು ವಾಲ್ವ್ ಎಲ್ಲಿದೆ, ಅದು ತಿರುಗುತ್ತದೆಯೇ ನೋಡಿಕೋ. ತಿರುವನ್ನು ಒಣಬಟ್ಟೆಯಿಂದ ಮೆಲ್ಲಗೆ ಒರೆಸಿ, ರಾತ್ರಿ ಹಳೆಯ ಪತ್ರಿಕೆಯ ತುಂಡು ಸುತ್ತಿಡು. ಬೆಳಿಗ್ಗೆ ಅದು ಒಣಗಿಯೇ ಇದ್ದರೆ ಬೆಸುಗೆ ಹಾಕುವಾಗ ಉಳಿದ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುವ ಲೇಪ) ಹಸಿರಾಗಿರಬಹುದು. ಅಲ್ಲಷ್ಟೇ ಒದ್ದೆಯಾಗಿದ್ದರೆ ಆ ತುಂಡನ್ನು ಕತ್ತರಿಸಿ ಬದಲಿಸಬೇಕು. ಬದಲಿಗೆ ಜಿ.ಐ. ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು ಹಾಕಿಸಬೇಡ, ತಾಮ್ರದ ಜೊತೆ ಸೇರಿದರೆ ಅದು ಬೇಗ ತುಕ್ಕು ಹಿಡಿಯುತ್ತದೆ. ಕಿಲುಬಿನ ಪುಡಿ ಮಗುವಿನ ಕೈಗೆ ಸಿಗದಿರಲಿ.

ಉತ್ತರ (ಹಾವೇರಿ)
ಮಗುವಿದೆ ಎಂದಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ಹಳೆಯ ಬೆಸುಗೆಯಲ್ಲಿ ತವರದ ಜೊತೆ ಸೀಸ ಇರುತ್ತಿತ್ತು. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರನ್ನು ಬೆಳಿಗ್ಗೆ ಮೊದಲು ಹಿಡಿದು ಪ್ರಯೋಗಾಲಯಕ್ಕೆ ಕೊಡಿ. ತಾಮ್ರ, ಸೀಸ ಎರಡನ್ನೂ ನೋಡಲು ಹೇಳಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಲ್ಲುತ್ತದೆ. ಕುದಿಸಿದರೆ ಇವೆರಡೂ ಹೋಗುವುದಿಲ್ಲ. ವರದಿ ಬರುವವರೆಗೆ ನಿಂತ ನೀರನ್ನು ಗಿಡಗಳಿಗೆ ಬಿಟ್ಟು, ಆಮೇಲೆ ಬರುವ ನೀರನ್ನು ಅಡುಗೆಗೆ ಹಿಡಿಯಿರಿ.

ಪ್ರಶ್ನೆ ಕೇಳಿದವರು
ಅಣ್ಣಾ, ಪತ್ರಿಕೆ ತಿರುವಿನ ಕೆಳಬದಿಯಲ್ಲಿ ಎಂಟಾಣೆಯಷ್ಟಗಲ ಒದ್ದೆಯಾಗಿತ್ತು. ವಾಲ್ವ್ ಮುಚ್ಚಿದ್ದೇನೆ, ಜೋಳದ ಚೀಲಗಳನ್ನು ಮೇಲಕ್ಕೆ ಸಾಗಿಸಿದ್ದೇನೆ. ನೆರೆಮನೆಯಿಂದ ಎರಡು ಕೊಡ ನೀರು ಬಂದಿದೆ. ಅವ್ವ ಹುಣಸೆಹಣ್ಣನ್ನು ಡಬ್ಬಿಗೆ ತಿರುಗಿ ಹಾಕಿದಳು.