ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಗೇರ್ ಬಿಗಿ: ಗೇರ್‌ಬಾಕ್ಸ್ ಇಳಿಸುವ ಮೊದಲು ಏನೇನು ನೋಡಬೇಕು?

ಪ್ರಶ್ನೆ

ಕಾರು 1994ರ ಮಾಜ್ದಾ ಎಂಎಕ್ಸ್-5, 1.8 ಲೀಟರ್ ಎಂಜಿನ್, ಐದು ಗೇರ್. ತಣ್ಣಗಿರುವಾಗ ಎರಡನೇ ಗೇರ್ ಹಾಕಲು ಬಲ ಹಾಕಬೇಕು. ಬಿಸಿಯಾದರೆ ಸ್ವಲ್ಪ ಸರಿಹೋಗುತ್ತದೆ. ನಿಂತಲ್ಲಿ ಮೊದಲನೇ ಗೇರ್ ಒಮ್ಮೊಮ್ಮೆ ಬೀಳುವುದೇ ಇಲ್ಲ, ರಿವರ್ಸ್ ಹಾಕಿದರೆ ಕರಕರ ಸದ್ದು. ಗೇರ್‌ಬಾಕ್ಸ್ ಇಳಿಸಿ ಸಿಂಕ್ರೊ ರಿಂಗ್ (ಗೇರ್ ಬೀಳುವ ಮೊದಲು ವೇಗ ಸಮ ಮಾಡುವ ಬಳೆ) ಬದಲಿಸಿ ಎನ್ನುತ್ತಿದ್ದಾರೆ. ಅದಕ್ಕೆ ಮೊದಲು ಏನೇನು ಪರೀಕ್ಷೆ ಮಾಡಬಹುದು? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1

ಸರ್, ಸದ್ಯಕ್ಕೆ ಏನನ್ನೂ ಬಿಚ್ಚಬೇಡಿ. ಎಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿ, ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಿ. ನಿಂತ ಕಾರಿನಲ್ಲಿ ಹಲ್ಲಿಗೆ ಹಲ್ಲು ಎದುರಾಗಿ ಒಂದೆರಡು ಸಲ ತಡೆದರೆ ಗಾಬರಿ ಬೇಡ, ಕ್ಲಚ್ ಬಿಟ್ಟು ಮತ್ತೆ ಒತ್ತಿ ಹಾಕಿ. ಈಗ ಎಂಜಿನ್ ಚಾಲೂ ಮಾಡಿ ಅದನ್ನೇ ಮಾಡಿ. ಆಫ್ ಇದ್ದಾಗ ಸಲೀಸು, ಚಾಲೂ ಇದ್ದಾಗ ಬಿಗಿ ಎಂದಾದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ. ಎರಡೂ ಸ್ಥಿತಿಯಲ್ಲಿ ಒಂದೇ ಬಿಗಿ ಇದ್ದರೆ ತೊಂದರೆ ಲಿವರ್, ಬುಷ್ ಅಥವಾ ಒಳಗಿನ ಶಿಫ್ಟ್ ರಾಡ್‌ಗಳ ಕಡೆ. ಒಂದೇ ಒಂದು ಗೇರ್, ಅದೂ ಓಡುವಾಗ ಮಾತ್ರ ತಡೆಯುತ್ತಿದ್ದರೆ ಆಗ ಸಿಂಕ್ರೊ ಮೇಲೆ ಅನುಮಾನ ಪಡಿ.

ಇನ್ನೂ ಎರಡು ಪರೀಕ್ಷೆಗಳಿವೆ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗ) ಕ್ಲಚ್ ಪೂರ್ತಿ ಒತ್ತಿ ಐದು ಸೆಕೆಂಡ್ ತಡೆದು ರಿವರ್ಸ್ ಹಾಕಿ. ಬಹಳಷ್ಟು ಹಳೆಯ ಗೇರ್‌ಬಾಕ್ಸ್‌ಗಳಲ್ಲಿ ರಿವರ್ಸ್‌ಗೆ ಸಿಂಕ್ರೊ ಇರುವುದಿಲ್ಲ. ಕ್ಲಚ್ ಸರಿಯಾಗಿ ಬಿಡಿಸಿಕೊಂಡಿದ್ದರೆ ಅಷ್ಟು ಹೊತ್ತಿಗೆ ಇನ್‌ಪುಟ್ ಶಾಫ್ಟ್ (ಕ್ಲಚ್‌ನಿಂದ ಗೇರ್‌ಬಾಕ್ಸ್ ಒಳಗೆ ಹೋಗುವ ದಂಡ) ನಿಂತಿರಬೇಕು. ಆಮೇಲೂ ಕರಕರ ಎಂದರೆ ಅದು ಇನ್ನೂ ತಿರುಗುತ್ತಿದೆ. ಎರಡನೆಯದು, ಪೆಡಲ್ ಅನ್ನು ಬೇಗಬೇಗ ಮೂರು ಸಲ ತುಳಿದು ಗೇರ್ ಹಾಕಿ. ಹಗುರಾದರೆ ಹೈಡ್ರಾಲಿಕ್‌ನಲ್ಲಿ (ಪೆಡಲಿನ ಒತ್ತಡವನ್ನು ದ್ರವದ ಮೂಲಕ ಕ್ಲಚ್‌ಗೆ ಮುಟ್ಟಿಸುವ ವ್ಯವಸ್ಥೆ) ಗಾಳಿ ಇದೆ ಅಥವಾ ಸೀಲ್ ಸೋತಿದೆ.

ಪ್ರಶ್ನೆ ಕೇಳಿದವರು

ಆಫ್ ಇದ್ದಾಗ ಎಲ್ಲ ಗೇರೂ ಸಲೀಸಾಗಿ ಬೀಳುತ್ತವೆ. ಮೂರು ಸಲ ತುಳಿದ ಮೇಲೆ ಮೊದಲನೆಯದೂ ರಿವರ್ಸೂ ಸದ್ದಿಲ್ಲದೆ ಬಿದ್ದವು. ಆದರೆ ತಣ್ಣಗಿರುವಾಗಿನ ಎರಡನೇ ಗೇರ್ ಮಾತ್ರ ಹಾಗೇ ಇದೆ.

ಉತ್ತರ 2

ಹಾಗಾದರೆ ನಿಮ್ಮಲ್ಲಿರುವುದು ಎರಡು ಬೇರೆ ಬೇರೆ ತೊಂದರೆ. ಎರಡನ್ನೂ ಸೇರಿಸಿ ಒಂದೇ ಎಂದುಕೊಂಡದ್ದರಿಂದಲೇ ಮಾತು ಗೇರ್‌ಬಾಕ್ಸ್ ಇಳಿಸುವವರೆಗೆ ಹೋಗಿದೆ.

ಮೊದಲು ಕ್ಲಚ್. ಈ ಕಾರಿನಲ್ಲಿ ಸ್ಲೇವ್ ಸಿಲಿಂಡರ್ (ದ್ರವದ ಒತ್ತಡದಿಂದ ಕ್ಲಚ್ ತಳ್ಳುವ ಭಾಗ) ಗೇರ್‌ಬಾಕ್ಸ್‌ನ ಹೊರಗೇ ಇದೆ, ಬದಲಿಸುವಾಗ ಎರಡು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಅದರ ರಬ್ಬರ್ ಟೊಪ್ಪಿಯ ಅಂಚನ್ನು ಹಿಂದಕ್ಕೆ ಎಳೆದು ನೋಡಿ: ಒಳಗೆ ಒದ್ದೆ ಇದ್ದರೆ ಸೀಲ್ ಮುಗಿದಿದೆ. ಒಣಗಿದ್ದರೆ ಇನ್ನೊಬ್ಬರಿಂದ ಪೆಡಲ್ ಪೂರ್ತಿ ಒತ್ತಿಸಿ, ಸ್ಲೇವ್‌ನ ರಾಡ್ ಎಷ್ಟು ಮಿ.ಮೀ. ಹೊರಬರುತ್ತದೆ ಎಂದು ಸ್ಕೇಲ್ ಹಿಡಿದು ಅಳೆಯಿರಿ. ಪೆಡಲ್ ಬಿಡದೆ ಅರ್ಧ ನಿಮಿಷ ಕಾಯಿರಿ. ಹೊರಗೆ ಎಲ್ಲೂ ಸೋರಿಕೆ ಇಲ್ಲದೆ ರಾಡ್ ನಿಧಾನವಾಗಿ ಹಿಂದೆ ಸರಿದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತುವ, ದ್ರವಕ್ಕೆ ಒತ್ತಡ ಕೊಡುವ ಭಾಗ) ಒಳಗೇ ಒತ್ತಡ ಬಿಟ್ಟುಕೊಡುತ್ತಿದೆ. ರಾಡ್ ಮೊದಲಿಗೇ ಕಡಿಮೆ ಬಂದು, ಬ್ಲೀಡ್ ಮಾಡಿದರೂ (ದ್ರವದೊಳಗಿನ ಗಾಳಿ ಹೊರಹಾಕಿದರೂ) ಹೆಚ್ಚದಿದ್ದರೆ ರಬ್ಬರ್ ಹೋಸ್ ನೋಡಿ. ಹಳೆಯ ಹೋಸ್ ಒತ್ತಿದಾಗ ಉಬ್ಬಿ, ಪೆಡಲಿನ ಒಂದಷ್ಟು ಚಲನೆಯನ್ನು ತಾನೇ ತಿಂದುಬಿಡುತ್ತದೆ. ಕಾರಿನ ಅಡಿ ಹೋಗುವಾಗ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಟ್ಟೇ ಹೋಗಿ.

ಮಾಸ್ಟರ್, ಸ್ಲೇವ್, ಹೋಸ್ ಮೂರನ್ನೂ ಒಟ್ಟಿಗೆ ಬದಲಿಸುವುದೇ ಒಳ್ಳೆಯದು. ಮೂರಕ್ಕೂ ಒಂದೇ ವಯಸ್ಸು; ಒಂದನ್ನು ಹೊಸದು ಹಾಕಿದರೆ ಸ್ವಲ್ಪ ದಿನಕ್ಕೇ ಇನ್ನೊಂದು ಸೋರಿ ಮತ್ತೆ ಬ್ಲೀಡ್ ಮಾಡಬೇಕಾಗುತ್ತದೆ. ಫ್ಲೂಯಿಡ್ ಡಾಟ್ 3 ಅಥವಾ ಡಾಟ್ 4. ಸಿಲಿಕೋನ್ ಆಧಾರದ ಡಾಟ್ 5 ಬೆರೆಸಬೇಡಿ. ಖನಿಜ ತೈಲದ ಹನಿಯೂ ಒಳಗೆ ಹೋಗಬಾರದು, ಸೀಲ್‌ಗಳು ಉಬ್ಬಿ ಹಾಳಾಗುತ್ತವೆ. ಬ್ಲೀಡ್ ಮಾಡುವಾಗ ಪೆಡಲ್ ಒತ್ತಿ ಹಿಡಿಯಬೇಕು, ನಿಪ್ಪಲ್ ಸಡಿಲಿಸಬೇಕು, ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ಪೆಡಲ್ ಬಿಡಬೇಕು. ಈ ಕ್ರಮ ತಪ್ಪಿದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಫ್ಲೂಯಿಡ್ ಡಬ್ಬಿ ಚಿಕ್ಕದು, ಬೇಗ ಖಾಲಿಯಾಗುತ್ತದೆ. ನಾಲ್ಕೈದು ಸಲಕ್ಕೊಮ್ಮೆ ತುಂಬಿಸುತ್ತಿರಿ.

ಕೊನೆಗೆ ಪೆಡಲಿನ ಪುಶ್‌ರಾಡ್. ಅದಕ್ಕೂ ಮಾಸ್ಟರ್‌ನ ಪಿಸ್ಟನ್‌ಗೂ ನಡುವೆ ಚೂರು ಸಡಿಲ ಉಳಿಯಲೇಬೇಕು. ಇನ್ನಷ್ಟು ಚಲನೆ ಸಿಗಲಿ ಎಂದು ಪೂರ್ತಿ ಬಿಗಿ ಮಾಡಿದರೆ ಫ್ಲೂಯಿಡ್ ಡಬ್ಬಿಗೆ ಮರಳುವ ರಂಧ್ರ ಮುಚ್ಚಿಹೋಗಿ, ಬಿಸಿಯಾದಾಗ ಒತ್ತಡ ನಿಂತು, ಕ್ಲಚ್ ಜಾರಲು ಶುರುವಾಗುತ್ತದೆ.

ಉತ್ತರ 3

ಎರಡನೇ ಗೇರಿನ ಬಗ್ಗೆ. ಸಿಂಕ್ರೊ ರಿಂಗ್ ಹಿತ್ತಾಳೆಯದು. ಅದು ಗೇರಿನ ಕೋನ್ ಮೇಲೆ ಒತ್ತಿ ಎರಡರ ವೇಗವನ್ನೂ ಸಮ ಮಾಡುತ್ತದೆ. ಅದಕ್ಕೆ ಮೊದಲು ನಡುವಿನ ಎಣ್ಣೆಯ ಪದರ ಹಿಂಡಿಹೋಗಬೇಕು, ರಿಂಗ್‌ನಲ್ಲಿರುವ ಸಣ್ಣ ಗೆರೆಗಳು ಇರುವುದೇ ಅದಕ್ಕೆ. ತಣ್ಣಗೆ ಮಂದವಾದ ಎಣ್ಣೆ ಬೇಗ ಹಿಂಡಿಹೋಗುವುದಿಲ್ಲ, ಗೆರೆ ಸವೆದಿದ್ದರಂತೂ ಇನ್ನೂ ನಿಧಾನ. ಮೊದಲನೆಯದರಿಂದ ಎರಡನೆಯದಕ್ಕೆ ವೇಗದ ವ್ಯತ್ಯಾಸ ದೊಡ್ಡದು, ಆದ್ದರಿಂದ ಪೆಟ್ಟು ಮೊದಲು ಬೀಳುವುದೇ ಎರಡನೇ ಗೇರಿಗೆ.

ಈ ಐದು ಗೇರಿನ ಬಾಕ್ಸ್‌ಗೆ ಸುಮಾರು 2 ಲೀಟರ್ ಎಣ್ಣೆ ಬೇಕು. 75ಡಬ್ಲ್ಯು-90 (ಎಣ್ಣೆಯ ಮಂದತೆಯ ದರ್ಜೆ), ಜಿಎಲ್-4 (ಗೇರ್ ಎಣ್ಣೆಯ ವರ್ಗ) ಹಾಕಿ. ಜಿಎಲ್-5ರಲ್ಲಿ ಗಂಧಕ-ರಂಜಕದ ಸೇರ್ಪಡೆಗಳು ಹೆಚ್ಚು. ಅವು ಡಿಫರೆನ್ಷಿಯಲ್‌ಗೆ ಬೇಕಾದವು, ಹಿತ್ತಾಳೆಯ ರಿಂಗ್‌ಗೆ ಜಿಎಲ್-4 ಕ್ಷೇಮ. ಡ್ರೇನ್ ಪ್ಲಗ್ ತೆಗೆಯುವ ಮೊದಲು ಪಕ್ಕದ ಫಿಲ್ ಪ್ಲಗ್ ಬಿಚ್ಚಿಕೊಳ್ಳಿ. ಎಣ್ಣೆ ಪೂರ್ತಿ ಇಳಿಸಿದ ಮೇಲೆ ತುಂಬುವ ಪ್ಲಗ್ ಕಚ್ಚಿಕೊಂಡಿದೆ ಎಂದು ಗೊತ್ತಾದರೆ ಕಾರು ಅಲ್ಲೇ ಉಳಿಯುತ್ತದೆ. ಬಿಸಿ ಇರುವಾಗ ಇಳಿಸಿ, ಪ್ಲಗ್‌ಗೂ ಇಳಿದ ಎಣ್ಣೆಗೂ ಬೆಳಕು ಬಿಟ್ಟು ನೋಡಿ. ಬೂದು ಬಣ್ಣದ ನಯವಾದ ಮಡ್ಡಿ ಸಹಜ. ಎಣ್ಣೆಯಲ್ಲಿ ಹಳದಿ ಮಿನುಗು ದಂಡಿಯಾಗಿದ್ದರೆ ರಿಂಗ್‌ಗಳು ಸವೆಯುತ್ತಿವೆ. ಉಕ್ಕಿನ ಚೂರು ಸಿಕ್ಕರೆ ಬೇರಿಂಗ್ ಇಲ್ಲವೇ ಹಲ್ಲಿನ ತೊಂದರೆ, ಅದನ್ನು ಮುಂದೂಡಬೇಡಿ. ಕಾರು ಸಮತಟ್ಟಾಗಿ ನಿಂತಿರಲಿ, ಫಿಲ್ ರಂಧ್ರದ ಅಂಚಿನಿಂದ ಎಣ್ಣೆ ಹೊರಚೆಲ್ಲುವವರೆಗೆ ತುಂಬಿಸಿ.

ಆಮೇಲೂ ಬಿಗಿ ಉಳಿದರೆ ಡಬಲ್ ಕ್ಲಚ್ ಮಾಡಿ ನೋಡಿ: ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಡಿ, ಮತ್ತೆ ಒತ್ತಿ ಎರಡನೆಯದು. ಹೀಗೆ ಸಲೀಸಾಗಿ ಬಿದ್ದರೆ ಸಿಂಕ್ರೊ ಸವೆದಿರುವುದು ಬಹುಮಟ್ಟಿಗೆ ಖಚಿತ. ತಣ್ಣಗಿರುವಾಗ ಮಾತ್ರ ತಡೆದು, ಸದ್ದು ಮಾಡದಿದ್ದರೆ ನ್ಯೂಟ್ರಲ್‌ನಲ್ಲಿ ಕ್ಷಣ ನಿಲ್ಲಿಸಿ ಹಾಕುತ್ತಾ ಹೋಗಿ. ಅಷ್ಟಕ್ಕೇ ಗೇರ್‌ಬಾಕ್ಸ್ ಬಿಚ್ಚುವ ಅಗತ್ಯವಿಲ್ಲ.

ಉತ್ತರ 4

ಲಿವರ್ ಕೂರುವ ಜಾಗವನ್ನು ಯಾರೂ ಹೇಳಲಿಲ್ಲ. ಈ ಕಾರಿನಲ್ಲಿ ಲಿವರ್‌ನ ಗುಂಡು ತನ್ನದೇ ಪ್ರತ್ಯೇಕ ಎಣ್ಣೆಯಲ್ಲಿ ಕೂತಿರುತ್ತದೆ. ಕೆಳಗಿನ ಎಣ್ಣೆ ಬದಲಿಸಿದರೆ ಇದು ಬದಲಾಗುವುದಿಲ್ಲ. ಲಿವರ್ ತಲೆಯ ಗುಬುಟು (ನಾಬ್) ಮತ್ತು ಕನ್ಸೋಲ್ ತೆಗೆದು, ಹೊರಗಿನ ರಬ್ಬರ್ ಬೂಟ್ ಬಿಚ್ಚಿ, ಸುತ್ತಲಿನ ಧೂಳನ್ನು ಚೆನ್ನಾಗಿ ಒರೆಸಿ. ನಂತರ ಒಳಬೂಟ್ ಹಿಡಿದಿರುವ ಬೋಲ್ಟ್‌ಗಳನ್ನು ತೆಗೆದು ಲಿವರ್ ಮೇಲೆತ್ತಿ. ಹಳೆಯ ಎಣ್ಣೆಯನ್ನು ಸಿರಿಂಜ್‌ನಿಂದ ಎಳೆದು, ಅದೇ ಗೇರ್ ಆಯಿಲ್ ಸುಮಾರು 90 ಮಿ.ಲೀ. ಹಾಕಿ. ಲಿವರ್ ತುದಿಯ ನೈಲಾನ್ ಬುಷ್ ಮತ್ತು ಒಳಬೂಟ್ ಎರಡನ್ನೂ ಹೊಸದು ಹಾಕಿ. ಬೂಟ್ ಹರಿದಿದ್ದರೆ ಕೊಳೆ ಒಳಗೆ ಇಳಿಯುತ್ತದೆ, ಅಡಿಯ ಬಿಸಿ ಕಾರಿನೊಳಗೆ ಬರುತ್ತದೆ.

ಉತ್ತರ 5

ಟೊಯೊಟಾ ಎಂಆರ್2ನಂತೆ ಎಂಜಿನ್ ಸೀಟಿನ ಹಿಂದೆ ಇರುವ ಕಾರಿನವರು ಯಾರಾದರೂ ಇದನ್ನು ಓದುತ್ತಿದ್ದರೆ: ಅಲ್ಲಿ ಗೇರ್ ಹಾಕುವುದು ಉದ್ದದ ಕೇಬಲ್‌ಗಳು. ಗೇರ್‌ಬಾಕ್ಸ್ ತುದಿಯಲ್ಲಿ ಎರಡು ಕೇಬಲನ್ನೂ ಕಳಚಿ, ಲಿವರ್ ಅಲ್ಲಾಡಿಸಿ. ಆಗಲೂ ಬಿಗಿ ಇದ್ದರೆ ಕೇಬಲ್ ಒಳಗೆ ತುಕ್ಕು. ಲಿವರ್ ಹಗುರಾಗಿ, ಗೇರ್‌ಬಾಕ್ಸ್ ಕಡೆಯ ತೋಳು ಕೈಯಲ್ಲಿ ಬಿಗಿ ಇದ್ದರೆ ತೊಂದರೆ ಅಲ್ಲಿದೆ.

ಉತ್ತರ 1

ಹೈಡ್ರಾಲಿಕ್ ಪೂರ್ತಿ ಹೊಸದಾಗಿ, ಸ್ಲೇವ್ ರಾಡ್ ಸರಿಯಾಗಿ ಚಲಿಸುತ್ತಿದ್ದರೂ ರಿವರ್ಸ್ ಕರಕರ ಎಂದರೆ ಮಾತ್ರ ಗೇರ್‌ಬಾಕ್ಸ್ ಇಳಿಸಿ. ಆಗ ಕಾರಣ ಬಾಗಿದ ಕ್ಲಚ್ ಪ್ಲೇಟ್ ಇರಬಹುದು, ತುಕ್ಕು ಹಿಡಿದ ಸ್ಪ್ಲೈನ್ (ಪ್ಲೇಟ್ ಕೂರುವ, ಶಾಫ್ಟಿನ ಮೇಲಿನ ಉದ್ದ ಹಲ್ಲುಗಳು) ಇರಬಹುದು, ಅಥವಾ ಫ್ಲೈವ್ಹೀಲ್ ನಡುವಿನ ಪೈಲಟ್ ಬೇರಿಂಗ್ ಕಚ್ಚಿಕೊಂಡು ಶಾಫ್ಟನ್ನೂ ಜೊತೆಗೆ ತಿರುಗಿಸುತ್ತಿರಬಹುದು. ಪೆಡಲ್ ಸ್ವಲ್ಪ ಒತ್ತಿದೊಡನೆ ಬರುವ ಸದ್ದು ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್‌ನದು. ಪೂರ್ತಿ ಒತ್ತಿ ಗೇರ್ ಹಾಕಿ ನಿಂತಾಗ ಬರುವ ಕೀಚಲು ಸದ್ದು ಪೈಲಟ್‌ನದು. ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಎರಡೂ ಬೇರಿಂಗ್, ಎಂಜಿನ್ ಹಿಂದಿನ ಆಯಿಲ್ ಸೀಲ್ ಎಲ್ಲವನ್ನೂ ಒಂದೇ ಸಲಕ್ಕೆ ಹಾಕಿಬಿಡಿ. ಸ್ಪ್ಲೈನ್‌ಗೆ ಗ್ರೀಸ್ ತೆಳ್ಳಗೆ ಸವರಿ, ಉಳಿದದ್ದನ್ನು ಒರೆಸಿ; ಹೆಚ್ಚಾದದ್ದು ಪ್ಲೇಟ್ ಮೇಲೆ ಸಿಡಿದರೆ ಹೊಸ ಕ್ಲಚ್ ಜಾರುತ್ತದೆ.