ಪದಚರ್ಚೆ: ಸಿಮ್ಯುಲೇಟರ್‌ಗೆ ಕನ್ನಡ ಬೇಕು (ತುರ್ತು)

ಮಾನ್ಯರೇ,
ತರಬೇತಿ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ಬೆಸುಗೆ ಕಲಿಯುವವರು ಒಳಗೆ ಪರದೆಯಿರುವ ಹೆಲ್ಮೆಟ್ ತೊಟ್ಟು, ಪ್ಲಾಸ್ಟಿಕ್ ತುಂಡಿನ ಮೇಲೆ ಟಾರ್ಚ್ ಆಡಿಸುತ್ತಾರೆ. ಕಿಡಿ ಹಾರುವುದಿಲ್ಲ, ಲೋಹ ಕರಗುವುದಿಲ್ಲ. ಕೈ ವೇಗ ತಪ್ಪಿದರೂ ಟಾರ್ಚಿನ ಕೋನ ವಾಲಿದರೂ ಪರದೆ ತೋರಿಸಿಕೊಡುತ್ತದೆ. ಈ ಸಿಮ್ಯುಲೇಟರ್‌ಗೆ ಏನೆನ್ನಲಿ? ಕೋಣೆಯ ಫಲಕಕ್ಕೂ ಅದೇ ಪದ. ನಾಳೆ ಸಂಜೆಯೊಳಗೆ ಬೇಕು. 'ಅಣಕು ಯಂತ್ರ' ಹೊಳೆದಿದೆ.

* * *

'ಅಣಕು' ಬೇಡ. ಅಣಕು ಮತದಾನ, ಅಣಕು ಕಾರ್ಯಾಚರಣೆ ಪತ್ರಿಕೆಗಳಲ್ಲಿ ನಡೆದುಹೋಗಿವೆ, ಆದರೆ ಅಣಕು ಯಂತ್ರವೆಂದರೆ ಯಾರನ್ನೋ ಗೇಲಿ ಮಾಡುವ ಯಂತ್ರ. 'ಅನುಕಾರಕ' ಎನ್ನಿ. ಮುಗಿಯಿತು.

* * *

ಮುಗಿಯಲಿಲ್ಲ. ಕನ್ನಡ ಕೇಳಿದರೆ ಸಂಸ್ಕೃತದ ಉಗ್ರಾಣಕ್ಕೆ ಓಡುವ ಚಾಳಿ ಯಾವಾಗ ಬಿಡುತ್ತೀರಿ? ಲ್ಯಾಟಿನ್ನಿನಲ್ಲಿ ಈ ಪದದ ಮೂಲ 'ಸಿಮಿಲಿಸ್', ಹೋಲುವ ಎಂದರ್ಥ. ನಮ್ಮಲ್ಲಿ ಹಳಗನ್ನಡದ 'ಪೋಲ್' ಇದೆ. ಪಕಾರ ಹಕಾರವಾಗಿ 'ಹೋಲು'. ಆದ್ದರಿಂದ 'ಹೋಲುಗ'.

* * *

ಓದುಗ, ಕೇಳುಗರ ಸಾಲಿನಲ್ಲಿ ಹೋಲುಗನೂ ಮನುಷ್ಯನೇ ಆದಾನು: ಅಪ್ಪನನ್ನು ಹೋಲುವ ಮಗ. ಅದಕ್ಕಿಂತ ದೊಡ್ಡ ತೊಡಕೆಂದರೆ, ಈ ಯಂತ್ರ ತಾನು ಬೆಸುಗೆಯನ್ನು ಹೋಲುವುದಿಲ್ಲ, ಹೋಲುವಂತೆ ಮಾಡುತ್ತದೆ. ಪ್ರೇರಣಾರ್ಥಕ ಬೇಕು, 'ಹೋಲಿಸು' ಆಗಲೇ ತುಲನೆಯ ಪಾಲಾಗಿದೆ. 'ಅನುಕಾರಕ'ದವರೂ ಹಿಗ್ಗಬೇಕಿಲ್ಲ, ಒಂದು ಕಂಪ್ಯೂಟರನ್ನು ಇನ್ನೊಂದರಂತೆ ನಡೆಸುವ ಎಮ್ಯುಲೇಟರ್ ಕೂಡ ಅನುಕರಿಸುವುದೇ, ನಾಳೆ ಅದಕ್ಕೆ ಏನು ಕೊಡುವಿರಿ? 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯ ಗಾಳಿ ತಿದಿಗಳನ್ನು ಜೋಡಿಸಿ, ನೆಲ ಬಿಟ್ಟೇಳದೆ ಹಾರಾಟ ಕಲಿಸುವ ಪೆಟ್ಟಿಗೆ ಕಟ್ಟಿದ. ಅದನ್ನು ಜನ ಕರೆದದ್ದು ಲಿಂಕ್ ಟ್ರೈನರ್ ಎಂದು. ಹೆಸರು ಬಂದದ್ದು ಕೆಲಸದಿಂದ, ಹೋಲಿಕೆಯಿಂದಲ್ಲ. 'ಕಲಿಕಾಯಂತ್ರ' ಏಕಾಗಬಾರದು?

* * *

'ಕಲಿಕೆ' ಅಚ್ಚಗನ್ನಡ. ಅದಕ್ಕೆ ಸಂಸ್ಕೃತದ ಬಾಲ ಅಂಟಿಸಿ 'ಕಲಿಕಾ' ಮಾಡಿದವರು 'ಹೋಲುಗ' ಕಟ್ಟಿದ ನನಗೆ ವ್ಯಾಕರಣ ಹೇಳುವುದು ಬೇಡ.

* * *

ಬಸ್ಸು, ಬ್ಯಾಂಕು ನುಂಗಿ ಅರಗಿಸಿಕೊಂಡ ಭಾಷೆಗೆ ಸಿಮ್ಯುಲೇಟರ್ ಗಂಟಲಲ್ಲಿ ಸಿಕ್ಕಿಕೊಳ್ಳುವುದೇ? ಪದ ಕಟ್ಟುವ ಹಟ ಬೇರೆ, ಕನ್ನಡದ ಪ್ರೀತಿ ಬೇರೆ.

* * *

ಹಾಗೆ ಅರಗಿಸಿಯೇ ಹೊಟ್ಟೆ ಕೆಟ್ಟಿರುವುದು.

* * *

ಎಲ್ಲರಿಗೂ ವಂದನೆ. ಪಕ್ಕದ ಕೋಣೆಯಲ್ಲಿ ನಿಜವಾದ ಬೆಸುಗೆ ಯಂತ್ರಗಳಿವೆ, ಅವೂ ಕಲಿಕೆಗೇ ಇರುವುದು. ಬಾಗಿಲ ಮೇಲೆ 'ಕಲಿಕಾಯಂತ್ರ' ಎಂದಿದ್ದರೆ ಹುಡುಗರು ಯಾವ ಕೋಣೆಗೆ ಹೋಗಬೇಕು? ಕಲಿಸುವವರೂ ಕಲಿಯುವವರೂ ಸಿಮ್ಯುಲೇಟರ್ ಎಂದೇ ಅನ್ನುತ್ತಾರೆ. ಫಲಕದಲ್ಲಿ ಅದನ್ನೇ ಬರೆಸುತ್ತೇನೆ. ಕೈಪಿಡಿಯಲ್ಲಿ ಮೊದಲ ಸಲ ಬಂದಲ್ಲಿ ಮಾತ್ರ ಆವರಣದೊಳಗೆ 'ಅನುಕಾರಕ' ಇರಲಿ. ಫಲಕ ಬರೆಯುವವರು ಕಾಯುತ್ತಿದ್ದಾರೆ, ಆದ್ದರಿಂದ ಒಂದೇ ಪ್ರಶ್ನೆ: 'ಮ್ಯು' ಹ್ರಸ್ವವೋ ದೀರ್ಘವೋ?