ಸಹಾಯ ಬೇಕು: ಹಾಗ್ವಾರ್ಟ್ಸ್‌ನಲ್ಲಿ ಕಾಲಿನ್ ಕ್ಯಾಮೆರಾ ಹೇಗೆ ಕೆಲಸ ಮಾಡುತ್ತೆ?

ರಾತ್ರಿ ಮಗಳಿಗೆ ಹ್ಯಾರಿ ಪಾಟರ್ ಓದಿ ಹೇಳುತ್ತೇನೆ. ಈಗ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇವೆ.

ಕಥೆಯ ಮಾಯಾಶಾಲೆ ಹಾಗ್ವಾರ್ಟ್ಸ್‌ನ ಗಾಳಿಯಲ್ಲಿ ಮಾಯೆ ಜಾಸ್ತಿ, ಅದಕ್ಕೇ ಅಲ್ಲಿ ಕರೆಂಟು, ಕಂಪ್ಯೂಟರ್, ರೇಡಾರ್ ಎಲ್ಲ ಕೆಟ್ಟುಹೋಗುತ್ತವೆ ಅಂತ ನಾಲ್ಕನೇ ಪುಸ್ತಕದಲ್ಲಿ ಹ್ಯಾರಿಯ ಗೆಳತಿ ಹರ್ಮಯೋನಿ ಹೇಳುತ್ತಾಳೆ. ಆದರೆ ಎರಡನೇ ಪುಸ್ತಕದಲ್ಲಿ ಕಾಲಿನ್ ಕ್ರೀವಿ ಅನ್ನೋ ಹುಡುಗ ಮಾಮೂಲಿ ಮಗ್ಗಲ್ (ಮಾಯೆ ಬಾರದ ಜನರ) ಕ್ಯಾಮೆರಾ ಹಿಡಿದು ಶಾಲೆ ತುಂಬ ಓಡಾಡುತ್ತಾನಲ್ವಾ? ರೀಲನ್ನು ಸರಿಯಾದ ಮದ್ದಿನಲ್ಲಿ ತೊಳೆದರೆ ಫೋಟೋದೊಳಗಿನವರು ಅಲ್ಲಾಡುತ್ತಾರೆ, ಅದು ಅರ್ಥವಾಯಿತು. ಕ್ಯಾಮೆರಾ ಮಾತ್ರ ಕೆಡದೆ ಉಳಿದದ್ದು ಹೇಗೆ?

ಹಳೇ ರೀಲ್ ಕ್ಯಾಮೆರಾಗಳಲ್ಲಿ ಎಷ್ಟೋ ಬ್ಯಾಟರಿ ಇಲ್ಲದೆ ಬರೀ ಸ್ಪ್ರಿಂಗ್‌ನಲ್ಲೇ ನಡೆಯುತ್ತಿದ್ದವು ಅಂದೆ. "ಅಪ್ಪಾ, ಪುಸ್ತಕದಲ್ಲಿ ಎಲ್ಲಿದೆ, ತೋರಿಸು" ಅಂತ ಆ ಪುಟಕ್ಕೆ ಬಸ್ ಟಿಕೆಟ್ ಸಿಕ್ಕಿಸಿ ಇಟ್ಟಿದ್ದಾಳೆ. ಎರಡೂ ಅಧ್ಯಾಯ ಮತ್ತೆ ಓದಿದೆ, ಸಿಗಲಿಲ್ಲ. ಸುಮ್ನೆ ಏನೋ ಹೇಳಿ ತಪ್ಪಿಸಿಕೊಳ್ಳಲು ಮನಸ್ಸಿಲ್ಲ.

ಏಳು ಪುಸ್ತಕಗಳಲ್ಲಿ ಎಲ್ಲಾದರೂ ಇದಕ್ಕೆ ಕಾರಣ ಕೊಟ್ಟಿದ್ದಾರಾ? ಯಾವ ಪುಸ್ತಕ, ಯಾವ ಅಧ್ಯಾಯ ಅಂತ ಹೇಳುತ್ತೀರಾ?